ಅಜ್ಜಿಯ ಡಬ್ಬಿಯ ಹನ್ನೊಂದು ರೂಪಾಯಿ

ಸಂಚಿಕೆಯ ಅಕ್ಷರ ರೂಪ

ಇವತ್ತಿನ ಕತೆ ನಮ್ಮ ಮನೆಯದು. ಅನ್ನಪೂರ್ಣೇಶ್ವರಿ ನಗರದಲ್ಲಿ, ಎರಡನೇ ಮಹಡಿಯ ಒಂದು ಬಾಡಿಗೆ ಮನೆಯಲ್ಲಿ, ಡೈನಿಂಗ್ ಟೇಬಲ್ ಮೇಲೆ ನಡೆದದ್ದು. ಆದರೆ ಅದು ನನ್ನನ್ನು ಬಾಂಬೆ, ಕಲ್ಕತ್ತಾ, ಶ್ರೀರಂಗಪಟ್ಟಣ, ಕೊನೆಗೆ ಅಮೆರಿಕದವರೆಗೂ ಕರ್ಕೊಂಡು ಹೋಯ್ತು.

ಅಕ್ಕನ ಮದುವೆ ಹತ್ತಿರ ಬಂದಿತ್ತು. ಒಂದು ಜೊತೆ ಬೆಳ್ಳಿ ದೀಪ ಕೊಡಬೇಕು ಅಂತ ಅಪ್ಪನ ಆಸೆ. ಅಜ್ಜಿ ತನ್ನ ಟ್ರಂಕ್‌ನಿಂದ ಒಂದು ಹಿತ್ತಾಳೆ ಡಬ್ಬಿ ತೆಗೆದು ಮುಂದೆ ಇಟ್ಟಳು. ಒಳಗೆ ಹನ್ನೊಂದು ಬೆಳ್ಳಿ ರೂಪಾಯಿ. ಮಾಗಡಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದಾಗ ಅವಳ ಜೊತೆ ಬಂದದ್ದು. ಪ್ರತಿ ವರಮಹಾಲಕ್ಷ್ಮಿ ಹಬ್ಬದಲ್ಲಿ ಕಲಶದ ಮುಂದೆ ಕೂರುತ್ತಿದ್ದ ನಾಣ್ಯಗಳು. ಅಪ್ಪ ಅವನ್ನು ಒಂದು ಅಂಗಡಿಗೆ ತಗೊಂಡು ಹೋದರು. ಅಂಗಡಿಯವರು ಒಂದನ್ನು ಪಕ್ಕಕ್ಕೆ ತಳ್ಳಿ, "ಇದು ಬೆಳ್ಳಿ ಅಲ್ಲ, ಎರಕದ ನಕಲು" ಅಂದರಂತೆ. ಉಳಿದ ಹತ್ತನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿ ಒಂದು ರೇಟ್ ಹೇಳಿದರು. ತಪ್ಪೇನಿಲ್ಲ, ಬೆಳ್ಳಿ ಅಂಗಡಿಯಲ್ಲಿ ಬೆಳ್ಳಿಗೆ ತೂಕವೇ ಲೆಕ್ಕ.

ಅಪ್ಪ ನಾಳೆ ಬರ್ತೀನಿ ಅಂತ ಹೇಳಿ ವಾಪಸ್ ತಂದರು. ನಾನು ಕೇಳಿದ್ದು ಇಷ್ಟೇ: "ಕರಗಿಸೋ ಮುಂಚೆ ಒಂದು ರಾತ್ರಿ ನನಗೆ ಕೊಡಿ."

ಆ ಒಂದು ರಾತ್ರಿಯಲ್ಲಿ ನಾನು ಕಲಿತದ್ದೇ ಈ ಸಂಚಿಕೆ.

ರೂಪಾಯಿಯೇ ತೂಕದ ಬಟ್ಟು

ಮೊದಲು ತೂಕದಿಂದಲೇ ಶುರು ಮಾಡೋಣ. ಈಸ್ಟ್ ಇಂಡಿಯಾ ಕಂಪನಿ 1835ರಲ್ಲಿ ತನ್ನ ಆಡಳಿತದ ಪ್ರದೇಶಕ್ಕೆಲ್ಲ ಒಂದೇ ಮಾದರಿಯ ರೂಪಾಯಿ ತಂದಿತು. ತೂಕ 180 ಗ್ರೇನ್, ಅಂದರೆ ಸುಮಾರು 11.66 ಗ್ರಾಂ. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಈ 180 ಗ್ರೇನ್‌ಗೆ ಇನ್ನೊಂದು ಹೆಸರು ನಿಮಗೆ ಗೊತ್ತೇ ಇದೆ: ಒಂದು ತೊಲ. ಚಿನ್ನದಂಗಡಿಯಲ್ಲಿ ಇವತ್ತಿಗೂ ಹಿರಿಯರ ಬಾಯಲ್ಲಿ ಬರುತ್ತಲ್ಲ, ಅದೇ ತೊಲ. ಒಂದು ರೂಪಾಯಿ ನಾಣ್ಯ ಅಂದರೆ ಒಂದು ತೊಲ ತೂಕ. ಎಂಬತ್ತು ರೂಪಾಯಿ ತೂಗಿದರೆ ಒಂದು ಪಕ್ಕಾ ಸೇರು. ಹಣವೂ ಅದೇ, ತೂಕದ ಬಟ್ಟೂ ಅದೇ.

ಹಾಗಾಗಿ ಅಸಲಿ ಹೌದಾ ಅಂತ ನೋಡೋಕೆ ಮೊದಲ ಪರೀಕ್ಷೆ ತೂಕ. ಸವೆದಿದ್ದರೆ ಸ್ವಲ್ಪ ಕಡಿಮೆ ಬರುತ್ತೆ. ತುಂಬಾ ಕಡಿಮೆ ಬಂದರೆ ಅನುಮಾನ ಪಡಬೇಕು. ನಮ್ಮ ನಕಲಿ ನಾಣ್ಯ ಹತ್ತು ಗ್ರಾಂ ಕೂಡ ತೂಗಲಿಲ್ಲ.

ಆದರೆ ತೂಕ ಹೇಳೋದು ಇಷ್ಟೇ. ಅಸಲಿ ನಾಣ್ಯ ಯಾವ ಅಚ್ಚಿನಿಂದ, ಯಾವ ಊರಲ್ಲಿ, ಯಾಕೆ ಹಾಗೆ ಹೊರಬಂತು ಅನ್ನೋದನ್ನ ತಕ್ಕಡಿ ಹೇಳಲ್ಲ. ಅದಕ್ಕೆ ಕಣ್ಣೇ ಬೇಕು.

ಅಚ್ಚು ಅಂದರೇನು?

ಟಂಕಸಾಲೆಯಲ್ಲಿ ನಾಣ್ಯ ಹೇಗೆ ಹುಟ್ಟುತ್ತೆ ನೋಡಿ. ಮೊದಲು ಕಲಾವಿದ ದೊಡ್ಡ ಮಾದರಿ ಮಾಡ್ತಾನೆ. ಅದನ್ನು ಉಕ್ಕಿನಲ್ಲಿ ಚಿಕ್ಕದಾಗಿ ಇಳಿಸಿ ಮೂಲ ಅಚ್ಚು ತಯಾರಿಸ್ತಾರೆ. ಆ ಮೂಲದಿಂದ ಕೆಲಸದ ಅಚ್ಚುಗಳು ಹುಟ್ಟುತ್ತವೆ. ಮುಂದಿನ ಮುಖಕ್ಕೊಂದು, ಹಿಂದಿನ ಮುಖಕ್ಕೊಂದು. ಈ ಎರಡು ಅಚ್ಚುಗಳ ನಡುವೆ ಬೆಳ್ಳಿಯ ಬಿಲ್ಲೆ ಇಟ್ಟು ಜೋರಾಗಿ ಒತ್ತಿದರೆ ರೂಪಾಯಿ ರೆಡಿ.

ಉಕ್ಕಿನ ಅಚ್ಚಿಗೂ ಆಯಸ್ಸಿದೆ. ಸಾವಿರಾರು ಸಲ ಒತ್ತಿದ ಮೇಲೆ ಸವೆಯುತ್ತೆ, ಬಿರುಕು ಬಿಡುತ್ತೆ. ಆಗ ಹೊಸ ಅಚ್ಚು ಬೇಕು. ಕೋಟಿಗಟ್ಟಲೆ ನಾಣ್ಯಕ್ಕೆ ಎಷ್ಟೋ ಅಚ್ಚುಗಳು. ಇಸವಿಯ ಅಂಕಿ, ಟಂಕಸಾಲೆಯ ಚಿಕ್ಕ ಗುರುತು ಇಂಥದ್ದನ್ನೆಲ್ಲ ಆ ಕಾಲದಲ್ಲಿ ಕೆಲಸದ ಅಚ್ಚಿನ ಮೇಲೆ ಕೈಯಿಂದಲೇ ಹೊಡೆಯುತ್ತಿದ್ದದ್ದುಂಟು. ಸವೆದ ಕಡೆ ಕೈಯಿಂದಲೇ ತಿದ್ದುತ್ತಿದ್ದದ್ದೂ ಉಂಟು. ಕೈ ಬಂತು ಅಂದ ಮೇಲೆ ವ್ಯತ್ಯಾಸ ಬಂದೇ ಬರುತ್ತೆ. ಒಂದು ಅಚ್ಚಿಗೂ ಇನ್ನೊಂದಕ್ಕೂ ಇರುವ ಈ ವ್ಯತ್ಯಾಸವೇ ಅಚ್ಚುಭೇದ.

ಇಲ್ಲಿ ಒಂದು ವಿಷಯ ನೆನಪಿಡಿ. ನಾಣ್ಯದ ಮೇಲಿನ ವಿಚಿತ್ರ ಗುರುತೆಲ್ಲ ಅಚ್ಚುಭೇದ ಅಲ್ಲ. ಗುರುತು ಅಚ್ಚಿನಲ್ಲೇ ಇದ್ದರೆ, ಆ ಅಚ್ಚಿನಿಂದ ಬಂದ ಎಲ್ಲ ನಾಣ್ಯದಲ್ಲೂ ಅದು ಅದೇ ಜಾಗದಲ್ಲಿ ಇರುತ್ತೆ. ಒತ್ತುವಾಗ ಬಿಲ್ಲೆ ಜಾರಿ ಅಡ್ಡಾದಿಡ್ಡಿ ಬಿದ್ದರೆ ಅದು ಆ ಒಂದು ನಾಣ್ಯದ ತಪ್ಪು. ಆಮೇಲೆ ಬಿದ್ದ ಗೀರು, ಕಾಸಿನ ಸರಕ್ಕೆ ಅಂತ ಬೆಸುಗೆ ಹಾಕಿದ ಕಲೆ, ಇವೆಲ್ಲ ಬರೀ ಗಾಯ. ನಮ್ಮ ಡಬ್ಬಿಯ ಒಂದು ನಾಣ್ಯದಲ್ಲಿ ರಾಣಿಯ ಕಿರೀಟದ ಮೇಲೆ ಒಂದು ಉಬ್ಬು ಇತ್ತು. ನಾನು ಅರ್ಧ ಗಂಟೆ ಖುಷಿಯಲ್ಲಿ ಹಾರಾಡಿದೆ. ಅದು ಬೆಸುಗೆ. ಅಜ್ಜಿಯ ಅಮ್ಮ ಅದನ್ನ ಕೊರಳಿಗೆ ಹಾಕ್ಕೊಳ್ತಿದ್ದಳಂತೆ.

ಇಸವಿ ಒಂದು, ಹುಟ್ಟಿದ ವರ್ಷ ಇನ್ನೊಂದು

ಒಂದು ಹತ್ತು ಪಟ್ಟು ಲೆನ್ಸ್, ಫೋನಿನ ಟಾರ್ಚ್, ಒಂದು ಬಿಳಿ ಹಾಳೆ. ನನ್ನ ಸಾಮಾನು ಇಷ್ಟೇ. ಟಾರ್ಚನ್ನು ಮೇಲಿನಿಂದ ಹಿಡಿಯಬೇಡಿ, ಎಲ್ಲ ಬೆಳ್ಳಗೆ ಹೊಳೆದು ಏನೂ ಕಾಣಲ್ಲ. ಪಕ್ಕದಿಂದ, ತಗ್ಗಿಸಿ ಹಿಡಿಯಿರಿ. ಚಿಕ್ಕ ಉಬ್ಬಿಗೂ ನೆರಳು ಬೀಳುತ್ತೆ.

ಹತ್ತು ನಾಣ್ಯಗಳನ್ನು ಇಸವಿ ಪ್ರಕಾರ ಸಾಲಾಗಿ ಇಟ್ಟೆ. 1840ರದು ಒಂದು, 1862ರದು ಎರಡು, ಮುಂದಿನ ವಿಕ್ಟೋರಿಯಾ ನಾಣ್ಯ ಮೂರು, ಎಡ್ವರ್ಡ್ ರಾಜನ 1907ರದು ಒಂದು, ಐದನೇ ಜಾರ್ಜ್‌ನ 1912ರದು ಒಂದು, 1918ರವು ಎರಡು.

1840ರಿಂದ ಶುರು ಮಾಡಿದೆ. ಇದರಲ್ಲಿ ಎರಡು ಮುಖ್ಯ ಬಗೆ ಇವೆ. ಒಂದರಲ್ಲಿ 'ವಿಕ್ಟೋರಿಯಾ ಕ್ವೀನ್' ಅನ್ನೋ ಬರಹ ರಾಣಿಯ ತಲೆಯ ಮೇಲೆ ಒಂದೇ ಸಾಲಾಗಿ ಸುತ್ತುತ್ತೆ. ಇನ್ನೊಂದರಲ್ಲಿ ಒಂದು ಪದ ತಲೆಯ ಆಚೆ, ಒಂದು ಪದ ಈಚೆ. ಎರಡರಲ್ಲೂ ಇಸವಿ 1840. ಆದರೆ ಬರಹ ಒಡೆದ ಬಗೆ ಹೊರಬಂದದ್ದು ಸುಮಾರು ಹತ್ತು ವರ್ಷ ಆದ ಮೇಲೆ. ಕಂಪನಿ ಇಸವಿಯನ್ನು ಬದಲಾಯಿಸದೆ ಹಾಗೇ ನಿಲ್ಲಿಸಿಬಿಟ್ಟಿತ್ತು. ಹಿಂದಿನ ಮುಖದ ಎಲೆಮಾಲೆಯಲ್ಲಿ ಪುಟ್ಟ ಪುಟ್ಟ ಹಣ್ಣುಗಳಿವೆ. ಅಚ್ಚಿನಿಂದ ಅಚ್ಚಿಗೆ ಅವುಗಳ ಸಂಖ್ಯೆ ಬೇರೆ. ಸಂಗ್ರಹಕಾರರು ಕೂತು ಅದನ್ನೂ ಎಣಿಸ್ತಾರೆ. ನಮ್ಮದು ಬರಹ ಒಡೆದದ್ದು.

1862ರದು ಇನ್ನೂ ಮಜಾ. 1857ರ ದಂಗೆಯ ನಂತರ ಕಂಪನಿ ಆಡಳಿತ ಮುಗಿದು ದೇಶ ನೇರವಾಗಿ ಬ್ರಿಟಿಷ್ ರಾಣಿಯ ಕೈಗೆ ಹೋಯ್ತು. ಹೊಸ ರೂಪಾಯಿ 1862ರಲ್ಲಿ ಬಂತು. ಮತ್ತೆ ಅದೇ ಕತೆ, ಇಸವಿ ಅಲ್ಲೇ ನಿಂತಿತು. ನಾಣ್ಯದ ಮೇಲೆ ನಿಜವಾದ ಇಸವಿ ಬರೋಕೆ ಶುರುವಾಗಿದ್ದು 1874ರಿಂದ. ಹಾಗಾದರೆ ನಡುವಿನ ವರ್ಷಗಳ ನಾಣ್ಯ ಗುರುತಿಸೋದು ಹೇಗೆ? ಬಾಂಬೆ ಟಂಕಸಾಲೆಯವರು ಹಿಂದಿನ ಮುಖದಲ್ಲಿ ಪುಟ್ಟ ಚುಕ್ಕೆಗಳನ್ನು ಇಟ್ಟರು. ಆ ಚುಕ್ಕೆಗಳ ಸಂಖ್ಯೆಯೇ ನಿಜವಾಗಿ ಒತ್ತಿದ ವರ್ಷದ ಗುಟ್ಟು ಅನ್ನೋದು ಸಂಗ್ರಹಕಾರರು ಒಪ್ಪಿರುವ ಓದು. ಇಸವಿಯ ಅಂಕಿ ಹೇಳದ್ದನ್ನು ಚುಕ್ಕೆ ಹೇಳುತ್ತೆ.

ಪ್ರಿಡ್‌ಮೋರ್ ಅನ್ನೋ ಬ್ರಿಟಿಷ್ ಮೇಜರ್ ಒಬ್ಬರು ಬ್ರಿಟಿಷ್ ಇಂಡಿಯಾ ನಾಣ್ಯಗಳ ಮೇಲೆ ದೊಡ್ಡ ಕ್ಯಾಟಲಾಗ್ ಬರೆದಿದ್ದಾರೆ. ರಾಣಿಯ ಮುಖದ ಬಗೆಗಳಿಗೆ ಎ, ಬಿ, ಸಿ ಅಂತ ಅಕ್ಷರ, ಹಿಂದಿನ ಮುಖದ ಬಗೆಗಳಿಗೆ ರೋಮನ್ ಅಂಕಿ. ರಾಣಿಯ ಉಡುಪಿನ ಎದೆಭಾಗದ ಪಟ್ಟಿ, ಅಂಚಿನ ಹೂವಿನ ದಳ ಇವೇ ಗುರುತು. ಇವತ್ತಿಗೂ ನಾಣ್ಯದವರು ಅದೇ ಭಾಷೆ ಮಾತಾಡ್ತಾರೆ.

ನಾನು ಉಸಿರು ಬಿಗಿಹಿಡಿದು ನಮ್ಮ ಎರಡು 1862ರ ನಾಣ್ಯಗಳನ್ನು ಲೆನ್ಸ್ ಕೆಳಗೆ ಇಟ್ಟೆ. ಒಂದರಲ್ಲಿ ಚುಕ್ಕೆಯೇ ಕಾಣಲಿಲ್ಲ. ಇನ್ನೊಂದರಲ್ಲಿ ಒಂದು ಚುಕ್ಕೆ ಇದ್ದ ಹಾಗೆ, ಪಕ್ಕದಲ್ಲಿ ಇನ್ನೊಂದರ ನೆರಳಿದ್ದ ಹಾಗೆ. ಎರಡೋ ಮೂರೋ ಗೊತ್ತಾಗಲಿಲ್ಲ. ಇಡೀ ನಾಣ್ಯ ನುಣ್ಣಗೆ, ಕನ್ನಡಿ ಥರ. ಯಾಕೆ ಅಂತ ಅಜ್ಜಿಯನ್ನ ಕೇಳಿದೆ. "ಹುಣಸೆಹಣ್ಣು, ಒಲೆ ಬೂದಿ. ವರ್ಷಾ ವರ್ಷಾ ತಿಕ್ತಿದ್ದೆ" ಅಂದಳು.

ನೂರೈವತ್ತು ವರ್ಷದ ಹಿಂದೆ ಬಾಂಬೆಯಲ್ಲಿ ಯಾರೋ ಒಬ್ಬ ಕೆಲಸಗಾರ ಇಟ್ಟ ಚುಕ್ಕೆಯನ್ನು ನಮ್ಮನೆಯವರೇ ತಿಕ್ಕಿ ತಿಕ್ಕಿ ಅಳಿಸಿದ್ದರು. ನನಗೆ ಸಿಟ್ಟು ಬಂತು, ಅದು ಮುಖದಲ್ಲೂ ಕಾಣಿಸಿರಬೇಕು. ಅಜ್ಜಿ ಹೇಳಿದ್ದು ಹೀಗೆ: "ನಾನು ಲಕ್ಷ್ಮಿ ಮುಂದೆ ಇಡಕ್ಕೆ ಅಂತ ತಿಕ್ದೆ ಕಣೋ. ನೀನು ಭೂತಗನ್ನಡಿ ಹಿಡ್ಕೊಂಡು ಬತ್ತೀಯ ಅಂತ ನಂಗೇನ್ ಗೊತ್ತಿತ್ತು?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಆನೆಯೋ ಹಂದಿಯೋ

ಮುಂದಿನದು ಐದನೇ ಜಾರ್ಜ್‌ನ ರೂಪಾಯಿ. 1911ರಲ್ಲಿ ಅವನ ಹೊಸ ನಾಣ್ಯ ಬಂತು. ರಾಜನ ನಿಲುವಂಗಿಯ ಮೇಲೆ ಒಂದು ಪದಕದ ಸರ, ಅದರಲ್ಲಿ ಒಂದು ಪುಟ್ಟ ಆನೆ. ವಿನ್ಯಾಸ ಮಾಡಿದ್ದು ಬರ್ಟ್ರಂ ಮೆಕೆನಲ್ ಅನ್ನೋ ಶಿಲ್ಪಿ. ಆದರೆ ಆನೆಯ ಸೊಂಡಿಲು ಎಷ್ಟು ಗಿಡ್ಡವಾಗಿತ್ತು ಅಂದರೆ ಜನ ಅದನ್ನ ಹಂದಿ ಅಂದರು. ರಾಜನ ಎದೆ ಮೇಲೆ ಹಂದಿ ಇದೆ ಅನ್ನೋ ಸುದ್ದಿ ಹಬ್ಬಿತು, ಧಾರ್ಮಿಕ ಭಾವನೆಗೆ ಪೆಟ್ಟು ಬಿತ್ತು. ಸರ್ಕಾರ ಹೆದರಿತು. ಒತ್ತಿದ್ದ ಸುಮಾರು 94 ಲಕ್ಷ ರೂಪಾಯಿಯಲ್ಲಿ ಚಲಾವಣೆಗೆ ಹೋಗಿದ್ದು ಸುಮಾರು 7 ಲಕ್ಷ ಮಾತ್ರ. ಉಳಿದದ್ದನ್ನು ಕರಗಿಸಿದರು. 1912ರ ಅಚ್ಚಿನಲ್ಲಿ ಸೊಂಡಿಲನ್ನು ಉದ್ದ ಮಾಡಿದರು.

ನಮ್ಮದು 1912. ಸೊಂಡಿಲು ಸರಿಯಾಗೇ ಇದೆ. ಒಂದು ವರ್ಷದಲ್ಲಿ ತಪ್ಪಿಹೋಯ್ತು! ಆದರೂ ಒಂದು ಮಾತು. ಕೂದಲೆಳೆಯಷ್ಟು ಉಕ್ಕಿನ ಕೆತ್ತನೆ ಒಂದು ಸಾಮ್ರಾಜ್ಯವನ್ನೇ ಗಾಬರಿ ಮಾಡಿಸಿದೆ ಅಂದರೆ ಅಚ್ಚುಭೇದ ಬರೀ ಹವ್ಯಾಸಿಗಳ ಆಟ ಅಂತ ಹೇಳೋಕೆ ಆಗಲ್ಲ.

ಆನೆಯನ್ನ ಲೆನ್ಸ್ ಕೆಳಗೆ ನೋಡೋದು ನಮ್ಮ ನಾಡಿಗೆ ಹೊಸದೇನಲ್ಲ. ಟಿಪ್ಪು ಸುಲ್ತಾನನ ತಾಮ್ರದ ಕಾಸುಗಳ ಮೇಲೆ ಆನೆ ಇದೆ. ಕೆಲವದರಲ್ಲಿ ಬಲಕ್ಕೆ ನಡೆಯುತ್ತೆ, ಕೆಲವದರಲ್ಲಿ ಎಡಕ್ಕೆ. ಹಿಂದಿನ ಮುಖದಲ್ಲಿ ಟಂಕಸಾಲೆಯ ಹೆಸರು. ಶ್ರೀರಂಗಪಟ್ಟಣದ್ದಾದರೆ 'ಪಟನ್'. ಟಿಪ್ಪು ತನ್ನದೇ ಮೌಲೂದಿ ಶಕೆ ಶುರು ಮಾಡಿದ ಮೇಲೆ ನಾಣ್ಯದ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಗೊತ್ತಿಲ್ಲದೆ ಓದಿದರೆ ಸಾವಿರಾರು ವರ್ಷ ಹೆಚ್ಚುಕಮ್ಮಿ ಆಗುತ್ತೆ! ಮದ್ರಾಸ್ ಮ್ಯೂಸಿಯಂನ ಹೆಂಡರ್ಸನ್ 1921ರಲ್ಲಿ ಹೈದರ್ ಮತ್ತು ಟಿಪ್ಪು ನಾಣ್ಯಗಳ ಪುಸ್ತಕವನ್ನೇ ತಂದರು. ಆಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸಿನ ಮೇಲೂ ಆನೆ, ಜೊತೆಗೆ 'ಶ್ರೀ' ಅನ್ನೋ ಕನ್ನಡ ಅಕ್ಷರ. ಮೈಸೂರಿನ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಬಂತು. ಹೌದು, ನಮ್ಮ ಊರಲ್ಲೇ ನಾಣ್ಯ ಒತ್ತುತ್ತಿದ್ದರು. 1843ರಲ್ಲಿ ಅದನ್ನೂ ಮುಚ್ಚಿದರು. ಅಲ್ಲಿಂದ ಮುಂದೆ ನಮ್ಮ ಸಂತೆಗಳಲ್ಲಿ, ಸುಂಕದ ಕಟ್ಟೆಗಳಲ್ಲಿ ಓಡಾಡಿದ್ದು ಬಾಂಬೆ, ಕಲ್ಕತ್ತಾದಿಂದ ಬಂದ ರೂಪಾಯಿ. ನಮ್ಮ ಪಕ್ಕದ ಏರಿಯಾ ಹೆಸರು ಸುಂಕದಕಟ್ಟೆ ಅನ್ನೋದು ಆಗ ನೆನಪಾಯ್ತು. ದಿನಾ ಆ ಹೆಸರು ಹೇಳ್ತೀವಿ, ಅದರೊಳಗಿನ ಸುಂಕ ಕಿವಿಗೆ ಬೀಳೋದೇ ಇಲ್ಲ.

1918: ಡಾಲರ್ ಕರಗಿ ರೂಪಾಯಿ

ಕೊನೆಗೆ ಉಳಿದದ್ದು 1918ರ ಎರಡು ನಾಣ್ಯ. ನಾನು ಇವನ್ನ ಲೆಕ್ಕಕ್ಕೇ ತಗೊಂಡಿರಲಿಲ್ಲ. ಯಾಕಂದ್ರೆ ಆ ವರ್ಷದ ರೂಪಾಯಿ ಎರಡೂ ಟಂಕಸಾಲೆ ಸೇರಿ 40 ಕೋಟಿಗೂ ಹೆಚ್ಚು ಒತ್ತಲಾಗಿದೆ. ಎಲ್ಲೆಲ್ಲೂ ಸಿಗುತ್ತೆ. ಹಿಂದಿನ ಮುಖದ ಕೆಳಗಿನ ಕಮಲದ ಅಡಿಯಲ್ಲಿ ಒಂದು ಚುಕ್ಕೆ ಇದ್ದರೆ ಬಾಂಬೆ, ಇಲ್ಲದಿದ್ದರೆ ಕಲ್ಕತ್ತಾ. ನಮ್ಮದರಲ್ಲಿ ಒಂದಕ್ಕೆ ಚುಕ್ಕೆ ಇದೆ, ಒಂದಕ್ಕೆ ಇಲ್ಲ.

ಆಮೇಲೆ ಒಂದು ಪ್ರಶ್ನೆ ಬಂತು. 40 ಕೋಟಿಗೂ ಹೆಚ್ಚು ರೂಪಾಯಿಗೆ ಬೆಳ್ಳಿ ಎಲ್ಲಿಂದ ಬಂತು?

ಮೊದಲನೇ ಮಹಾಯುದ್ಧ ನಡೀತಾ ಇತ್ತು. ಸೈನಿಕರ ಸಂಬಳ, ಭಾರತದಿಂದ ಕೊಂಡ ಸೆಣಬು, ಧಾನ್ಯ, ಎಲ್ಲದಕ್ಕೂ ರೂಪಾಯಿ ಬೇಕು. ನಮ್ಮ ಮೈಸೂರ್ ಲ್ಯಾನ್ಸರ್ಸ್ ಹೈಫಾದಲ್ಲಿ ಕುದುರೆ ಏರಿ ಗೆದ್ದಿದ್ದು ಇದೇ 1918ರ ಸೆಪ್ಟೆಂಬರ್ 23ರಂದು. ಬೆಳ್ಳಿ ಸಾಲದೆ ಸರ್ಕಾರ 1917ರ ನವೆಂಬರ್ 30ರಂದು ಮೊದಲ ಸಲ ಒಂದು ರೂಪಾಯಿಯ ನೋಟು ತಂದಿತು. ಆ ನೋಟಿನ ಮೇಲೆ ಏನಿತ್ತು ಗೊತ್ತಾ? ಬೆಳ್ಳಿ ರೂಪಾಯಿಯ ಚಿತ್ರ! ಜನಕ್ಕೆ ಕಾಗದದ ಮೇಲೆ ನಂಬಿಕೆ ಇರಲಿಲ್ಲ. ಯುದ್ಧದ ಸುದ್ದಿ ಕೆಟ್ಟಾಗಲೆಲ್ಲ ನೋಟು ಕೊಟ್ಟು ಬೆಳ್ಳಿ ಕೊಡಿ ಅಂತ ಸಾಲು ನಿಲ್ಲುತ್ತಿದ್ದರು. ಕೊಡೋಕೆ ಬೆಳ್ಳಿ ಇಲ್ಲ ಅಂತ ಗೊತ್ತಾದರೆ ಆಡಳಿತವೇ ಅಲುಗಾಡುತ್ತೆ.

ಆಗ ಬ್ರಿಟನ್ ಅಮೆರಿಕದ ಬಾಗಿಲು ತಟ್ಟಿತು. ಅಲ್ಲಿನ ಖಜಾನೆಯಲ್ಲಿ ಬೆಳ್ಳಿ ಡಾಲರ್‌ಗಳ ರಾಶಿಯೇ ಬಿದ್ದಿತ್ತು. 1918ರ ಏಪ್ರಿಲ್ 23ರಂದು ಪಿಟ್‌ಮನ್ ಕಾಯ್ದೆ ಬಂತು. ಅದರ ಅಡಿಯಲ್ಲಿ ಸುಮಾರು 27 ಕೋಟಿ ಬೆಳ್ಳಿ ಡಾಲರ್ ಕರಗಿಸಿದರು. ಅದರಲ್ಲಿ ಸುಮಾರು 26 ಕೋಟಿ ಡಾಲರ್‌ನ ಬೆಳ್ಳಿ ಬ್ರಿಟನ್‌ಗೆ ಮಾರಾಟವಾಯ್ತು, ಭಾರತದ ರೂಪಾಯಿಗೋಸ್ಕರ. ಲೆಕ್ಕ ಹಾಕಿ ನೋಡಿ. ಒಂದು ಡಾಲರ್‌ನಲ್ಲಿ ಸುಮಾರು 24 ಗ್ರಾಂ ಶುದ್ಧ ಬೆಳ್ಳಿ, ನಮ್ಮ ರೂಪಾಯಿಯಲ್ಲಿ ಸುಮಾರು 10.7 ಗ್ರಾಂ. ಅಂದರೆ ಒಂದು ಡಾಲರ್ ಕರಗಿದರೆ ಎರಡೂಕಾಲು ರೂಪಾಯಿ.

ಕರಗಿದ್ದು ಬಹುತೇಕ ಮಾರ್ಗನ್ ಡಾಲರ್. ಜಾರ್ಜ್ ಮಾರ್ಗನ್ ಅನ್ನೋ ಕೆತ್ತನೆಗಾರನ ವಿನ್ಯಾಸ, 1878ರಲ್ಲಿ ಶುರು. ಹಿಂದಿನ ಮುಖದಲ್ಲಿ ಒಂದು ಹದ್ದು. ಮೊದಲ ಅಚ್ಚುಗಳಲ್ಲಿ ಹದ್ದಿನ ಬಾಲಕ್ಕೆ ಎಂಟು ಗರಿ. ಆಮೇಲೆ ಅದನ್ನ ಏಳು ಮಾಡಿದರು. ಕೆಲವು ಅಚ್ಚುಗಳಲ್ಲಿ ಎಂಟರ ಮೇಲೇ ಏಳನ್ನು ಒತ್ತಿದ್ದರಿಂದ ಹಳೇ ಗರಿಯ ತುದಿಗಳು ಹೊಸದರ ಕೆಳಗಿಂದ ಇಣುಕುತ್ತವೆ. ಅಲ್ಲಿನ ಆನೆ-ಹಂದಿ ಕತೆ ಅಂದ್ಕೊಳ್ಳಿ. ವ್ಯಾನ್ ಆಲನ್, ಮ್ಯಾಲಿಸ್ ಅನ್ನೋ ಇಬ್ಬರು ಸಂಗ್ರಹಕಾರರು ಈ ಡಾಲರ್‌ಗಳ ಅಚ್ಚುಭೇದಗಳನ್ನೆಲ್ಲ ಪಟ್ಟಿ ಮಾಡಿ ನಂಬರ್ ಕೊಟ್ಟರು. ಅವರ ಹೆಸರಿನ ಮೊದಲಕ್ಷರ ಸೇರಿಸಿ ಅದನ್ನು 'ವ್ಯಾಮ್' ನಂಬರ್ ಅಂತಾರೆ. ಅಮೆರಿಕದಲ್ಲಿ ಇದಕ್ಕೇ ಅಂತ ಲೆನ್ಸ್ ಹಿಡಿದು ಕೂತವರು ಸಾವಿರಾರು ಜನ.

ಆದರೆ 1918ರಲ್ಲಿ ಕರಗಿಸುವಾಗ ಯಾವ ಇಸವಿಯದು ಎಷ್ಟು, ಯಾವ ಅಚ್ಚಿನದು ಎಷ್ಟು ಅಂತ ಲೆಕ್ಕ ಇಡಲಿಲ್ಲ. ತೂಕ ಮಾತ್ರ ನೋಡಿದರು. ಹಾಗಾಗಿ ಯಾವ ಡಾಲರ್ ಎಷ್ಟು ಉಳಿದಿದೆ ಅಂತ ಟಂಕಸಾಲೆಯ ದಾಖಲೆ ನೋಡಿ ಹೇಳೋಕೆ ಇವತ್ತು ಆಗಲ್ಲ.

ನಾನು ಆ ಹೊತ್ತಲ್ಲಿ ನಮ್ಮ ಟೇಬಲ್ ನೋಡಿದೆ. ಅಮೆರಿಕದ ಖಜಾನೆ ಅವತ್ತು ಮಾಡಿದ್ದನ್ನೇ ನಾವು ಬೆಳಗ್ಗೆ ಮಾಡೋಕೆ ಹೊರಟಿದ್ದೆವು. ಲೆಕ್ಕ ಇಡದೆ ತೂಕಕ್ಕೆ ಹಾಕೋದು. ನಮ್ಮ 1918ರ ರೂಪಾಯಿಯ ಬೆಳ್ಳಿಯಲ್ಲಿ ಎಂಟು ಗರಿಯ ಒಂದು ಹದ್ದು ಕರಗಿ ಸೇರಿರಬಹುದು. ಸೇರದೆಯೂ ಇರಬಹುದು. ಬೆಳ್ಳಿಗೆ ನೆನಪಿಲ್ಲ. ಅಚ್ಚು ಬಿಟ್ಟುಹೋದ ಗುರುತು ಮಾತ್ರ ನೆನಪು, ಅದೂ ನಾವು ತಿಕ್ಕದೆ, ಕರಗಿಸದೆ ಬಿಟ್ಟರೆ.

ಬೆಳಗ್ಗೆ ಏನಾಯ್ತು

ನಿಜ ಹೇಳಿಬಿಡ್ತೀನಿ. ನಮ್ಮ ಡಬ್ಬಿಯಲ್ಲಿ ಲಾಟರಿ ಏನೂ ಇರಲಿಲ್ಲ. ಎಲ್ಲವೂ ಸಾಮಾನ್ಯ ನಾಣ್ಯ, ಮೇಲೆ ತಿಕ್ಕಿ ಸವೆದವು. ಲಕ್ಷಗಟ್ಟಲೆ ಬೆಲೆ ಬಾಳುತ್ತೆ ಅಂತ ರೀಲ್ಸ್‌ನಲ್ಲಿ ಹೇಳೋರನ್ನ ನಂಬಬೇಡಿ. ಅಪ್ಪನಿಗೆ ದೀಪ ಬೇಕೇ ಬೇಕಿತ್ತು, ಅಕ್ಕನ ಮದುವೆ ಕಾಯಲ್ಲ.

ಹಾಗಾಗಿ ಅಜ್ಜಿಗೇ ಬಿಟ್ಟೆವು. ಒಂದೊಂದು ನಾಣ್ಯದ್ದೂ ಎರಡೂ ಮುಖದ ಫೋಟೋ ತೆಗೆದೆ, ತೂಕ ಬರೆದೆ, ಯಾವ ಬಗೆ ಅಂತ ಬರೆದೆ. ಆಮೇಲೆ ಅಜ್ಜಿ ಐದನ್ನು ಎತ್ತಿ ಅಪ್ಪನ ಕೈಗೆ ಕೊಟ್ಟಳು. ರಾಣಿಯ ಮೂರು, ಎಡ್ವರ್ಡ್‌ನದು, ಚುಕ್ಕೆಯೇ ಇಲ್ಲದ 1862ರದು. ಬೆಸುಗೆ ಇದ್ದದ್ದೂ ಆ ಮೂರರಲ್ಲೇ ಇತ್ತು. ಅದನ್ನ ಮಾತ್ರ ಕೊಟ್ಟು, ಮತ್ತೆ ವಾಪಸ್ ಕಿತ್ಕೊಂಡು, ಬದಲಿಗೆ 1912ರದನ್ನ ಕೊಟ್ಟಳು. "ಸೊಂಡಿಲು ಉದ್ದ ಇದೆಯಲ್ಲ, ಅದು ಹೋಗ್ಲಿ" ಅಂದಳು. ನಕಲಿ ನಾಣ್ಯವನ್ನೂ ಡಬ್ಬಿಯಲ್ಲೇ ಇಟ್ಟುಕೊಂಡಳು. ಇಷ್ಟು ವರ್ಷ ಅದೂ ಪೂಜೆ ಮಾಡಿಸಿಕೊಂಡಿದೆ, ಈಗ ಹೊರಗೆ ಹಾಕೋದು ಹೇಗೆ ಅಂತ ಅವಳ ವಾದ.

ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇರಬಹುದು. ತಿಕ್ಕಬೇಡಿ, ಪಾಲಿಶ್ ಹಾಕಿಸಬೇಡಿ. ಅಂಚು ಹಿಡಿದು ಎತ್ತಿ, ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿ. ಮಾರಲೇಬೇಕಾದರೆ ಮಾರಿ, ಆದರೆ ಮೊದಲು ಫೋಟೋ ತೆಗೆದು ಬರೆದಿಡಿ. ಯಾರು ತಂದದ್ದು ಅಂತ ಹಿರಿಯರನ್ನ ಕೇಳಿ, ಅದನ್ನೂ ಬರೆದಿಡಿ. ಅದು ಯಾವ ಕ್ಯಾಟಲಾಗ್‌ನಲ್ಲೂ ಸಿಗಲ್ಲ.

ಈ ವರಮಹಾಲಕ್ಷ್ಮಿ ಹಬ್ಬಕ್ಕೆ ನಮ್ಮ ಕಲಶದ ಮುಂದೆ ಆರು ನಾಣ್ಯ ಕೂರುತ್ತವೆ, ಅದರಲ್ಲಿ ಒಂದು ನಕಲಿ. ಬರೀ ಒಣ ಬಟ್ಟೆಯಲ್ಲಿ ಮುಟ್ಟಿ ಇಡೋಣ ಅಂತ ಅಜ್ಜಿ ಜೊತೆ ಒಪ್ಪಂದ ಆಗಿದೆ. ಹುಣಸೆಹಣ್ಣಿನ ಡಬ್ಬ ನಾನು ಬಚ್ಚಿಟ್ಟಿದ್ದೀನಿ, ಅವಳಿಗೆ ಹೇಳಬೇಡಿ.